ಕೆಂಗಲ್ಲಿನ ಕೆಳಗೆ ಹರಿಯುವ ನೀರು

ಮುಂಗಾರು ಇನ್ನೂ ಕಾಲಿಡದ ಬೇಸಗೆಯ ಕೊನೆಯ ದಿನಗಳಲ್ಲಿ, ಔರಾದ ತಾಲ್ಲೂಕಿನ ಎಕಂಬಾದಿಂದ ಬೆಳಗಿನ ಬಸ್ಸು ಹಿಡಿದು ಬೀದರಿಗೆ ಹೊರಟವರಿಗೆ, ಅಮರೇಶ್ವರನ ಔರಾದವನ್ನು ಹಿಂದಿಟ್ಟು, ಸಂತಪುರವನ್ನು ದಾಟಿ, ಕೌಠಾದ ಬಳಿ ಮಾಂಜ್ರಾ ನದಿಯ ಸೇತುವೆಯನ್ನು ಹಾಯುವ ತನಕ ಕಿಟಕಿಯ ಹೊರಗೆ ಕಾಣುವುದು ಒಂದೇ ಬಣ್ಣ. ಬಿಸಿಲಿಗೆ ಬಾಯ್ದೆರೆದು ಬಿರಿದ ಎರೆಮಣ್ಣಿನ ಕಪ್ಪು ಅದು. ತೊಗರಿ, ಉದ್ದು, ಸೋಯಾ, ಜೋಳಗಳ ಬಿತ್ತನೆಗಾಗಿ ಹರಗಿಟ್ಟ ಹೊಲಗಳು ಆಕಾಶದ ಕಡೆಗೆ ಮುಖಮಾಡಿ ಮಲಗಿರುತ್ತವೆ. ಬಸ್ಸಿನೊಳಗೆ ಮರಾಠಿಯಲ್ಲಿ ಮೊದಲಾದ ಮಾತು ಕನ್ನಡಕ್ಕೆ ಹೊರಳಿ ಉರ್ದುವಿನಲ್ಲಿ ಮುಗಿಯುವುದು ಈ ಸೀಮೆಯಲ್ಲಿ ಯಾರಿಗೂ ವಿಶೇಷವೆನಿಸದು.

ನದಿಯನ್ನು ದಾಟಿದ ಮೇಲೆ ದಾರಿ ಏರತೊಡಗುತ್ತದೆ. ಆ ಏರಿನ ಒಂದು ತಿರುವಿನಲ್ಲಿ, ಯಾರೋ ಗೆರೆ ಕೊಯ್ದು ಬೇರ್ಪಡಿಸಿದಂತೆ, ಕಪ್ಪು ನೆಲ ಮುಗಿದು ಕೆಂಪು ನೆಲ ತೊಡಗುತ್ತದೆ; ರಸ್ತೆಯ ಬದಿಯ ದರೆಗಳಲ್ಲಿ ತೂತುತೂತಾದ ಕೆಂಗಲ್ಲು ಕಾಣಿಸಿಕೊಳ್ಳುತ್ತದೆ; ಸ್ವಲ್ಪ ಹೊತ್ತಿನಲ್ಲಿಯೇ ಬೀದರ ಕೋಟೆಯ ಬುರುಜುಗಳು ದಿಗಂತದ ಮೇಲೆ ಮೂಡುತ್ತವೆ. ಪ್ರಯಾಣಿಕರ ಕಣ್ಣು ಆ ಬುರುಜುಗಳನ್ನು ಅರಸುವುದು ಸಹಜ. ಆದರೆ ಈ ಲೇಖನದ ವಸ್ತು ಆ ಬುರುಜುಗಳಲ್ಲ. ಅವುಗಳಷ್ಟೇ ಪುರಾತನವಾಗಿದ್ದೂ ಕಣ್ಣಿಗೆ ಬೀಳದೆ, ಇದೇ ಕೆಂಗಲ್ಲಿನ ಕೆಳಗೆ ಐದು ಶತಮಾನಗಳಿಂದ ಹರಿದುಬಂದ ಒಂದು ಜಲಮಾರ್ಗ.

ಕಪ್ಪು ನೆಲ, ಕೆಂಪು ನೆಲ

ಬೀದರ ಊರು ಸಮುದ್ರಮಟ್ಟದಿಂದ 2000 ಅಡಿಗೂ ಮಿಗಿಲಾದ ಎತ್ತರದಲ್ಲಿ, ಜಂಬಿಟ್ಟಿಗೆ ಕಲ್ಲಿನ ಒಂದು ವಿಸ್ತಾರವಾದ ಹಾಸಿನ ಮೇಲೆ ಕುಳಿತಿದೆ. ಹಾಸಿನ ಕೆಳಗಿರುವುದು ದಖನ್ನಿನ ಪ್ರಸಿದ್ಧವಾದ ಕರಿಕಲ್ಲು, ಎಂದರೆ ಬಸಾಲ್ಟ್. ಕೆಂಗಲ್ಲು ರಂಧ್ರಮಯವಾದುದು, ಮಳೆಯ ನೀರನ್ನು ಹೀರಿಕೊಂಡು ಕೆಳಕ್ಕೆ ಇಳಿಯಗೊಡುವಂಥದು. ಕರಿಕಲ್ಲೂ ಅದರ ಮೇಲಿನ ಜೇಡಿಯ ಪದರವೂ ಆ ನೀರನ್ನು ಮುಂದಕ್ಕೆ ಬಿಡದೆ ತಡೆಯುವಂಥವು. ಆದುದರಿಂದ ಎರಡರ ಸಂಧಿಯಲ್ಲಿ ನೀರು ಶೇಖರವಾಗಿ, ಪ್ರಸ್ಥಭೂಮಿಯ ಅಂಚು ಎಲ್ಲಿ ಹರಿದಿದೆಯೋ ಅಲ್ಲೆಲ್ಲ ಒಸರಾಗಿ ಹೊರಬೀಳುತ್ತದೆ.

ಝರಣಿ ನರಸಿಂಹನ ಸನ್ನಿಧಿಗೆ ಭಕ್ತರು ಎದೆಮಟ್ಟದ ನೀರಿನಲ್ಲಿ ನಡೆದುಹೋಗುವ ಗುಹೆ, ಗುರುನಾನಕರ ಹೆಸರಿನೊಡನೆ ಬೆಸೆದುಕೊಂಡ ಝೀರಾದ ಸೆಲೆ, ಪಾಪನಾಶದ ತೀರ್ಥ, ಇವೆಲ್ಲ ಭೂಗರ್ಭದ ಈ ಒಂದೇ ನಿಯಮದ ಪ್ರಸಾದಗಳು. ವೈಷ್ಣವರೂ ಸಿಖ್ಖರೂ ಶೈವರೂ ತಮ್ಮ ತಮ್ಮ ಶ್ರದ್ಧೆಯಿಂದ ತಲೆಯ ಮೇಲೆ ತಳಿದುಕೊಳ್ಳುವ ನೀರಿಗೆ ತಾಯಿ ಒಬ್ಬಳೇ ಎಂಬುದು ನನಗೆ ಬೀದರಿನ ಅತ್ಯಂತ ಸುಂದರವಾದ ಸಂಗತಿಗಳಲ್ಲೊಂದಾಗಿ ತೋರುತ್ತದೆ.

ಕಿರ್ಮಾನಿನಿಂದ ಬಂದ ವಿದ್ಯೆ

ಹದಿನೈದನೆಯ ಶತಮಾನದ ಪೂರ್ವಾರ್ಧದಲ್ಲಿ ಬಹಮನಿ ಸುಲ್ತಾನನಾದ ಅಹಮದ್ ಶಾಹನು ತನ್ನ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದನು. ಅವನು ಇರಾನಿನ ಕಿರ್ಮಾನ್ ಸೀಮೆಯ ಸೂಫಿ ಸಂತನಾದ ಶಾಹ ನಿಮತುಲ್ಲಾನಲ್ಲಿ ಅಪಾರವಾದ ಭಕ್ತಿಯುಳ್ಳವನಾಗಿದ್ದನು. ಆ ಸಂತನ ವಂಶಸ್ಥರು ಬೀದರಿಗೆ ಬಂದು ನೆಲಸಿದರು. ಅಷ್ಟೂರಿನ ದಾರಿಯಲ್ಲಿ ಇಂದಿಗೂ ನಿಂತಿರುವ ಚೌಖಂಡಿಯು ಅವರಲ್ಲೊಬ್ಬನಾದ ಖಲೀಲುಲ್ಲಾನ ಸಮಾಧಿ. ಸಂತರೊಡನೆ ವ್ಯಾಪಾರಿಗಳೂ, ಲಿಪಿಕಾರರೂ, ಶಿಲ್ಪಿಗಳೂ ಬಂದರು. ಗೀಲಾನಿನಿಂದ ಬಂದು ಮಂತ್ರಿಪದವಿಗೇರಿದ ಮಹಮೂದ್ ಗವಾನನು 1472ರಲ್ಲಿ ಕಟ್ಟಿ ಮುಗಿಸಿದ ಮದರಸದ ನೀಲಿ ಹರಳುಹೆಂಚುಗಳನ್ನು ಕಂಡವರಿಗೆ ಆ ನಂಟನ್ನು ಬೇರೆಯಾಗಿ ವಿವರಿಸಬೇಕಾದುದಿಲ್ಲ.

ಕಿರ್ಮಾನ್ ಸೀಮೆಯ ಜೀವನಾಡಿಯೇ ಭೂಗತ ಕಾಲುವೆ. ಇರಾನಿನಲ್ಲಿ ಅದನ್ನು ಕನಾತ್ ಎಂದೂ ಕಾರೇಜ್ ಎಂದೂ ಕರೆಯುವರು. ಅಲ್ಲಿನ ಹನ್ನೊಂದು ಕನಾತ್‌ಗಳು 2016ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಬಹಮನಿಗಳ ಕಾಲದ ಬೀದರಿನಲ್ಲಿ ಈ ವಿದ್ಯೆಗೆ ತಕ್ಕ ನೆಲವೂ ದೊರೆಯಿತು, ಅಗತ್ಯವೂ ಇದ್ದಿತು. ಬೀದರಿನವರ ಬಾಯಲ್ಲಿ ಅದು ‘ಕರೇಜ್’ ಆಯಿತು, ‘ಸುರಂಗ ಬಾವಿ’ಯೂ ಆಯಿತು. ನೌಬಾದ್, ಶುಕ್ಲತೀರ್ಥ, ಜಮುನಾ ಮೋರಿ ಎಂಬ ಮೂರು ಕರೇಜುಗಳು ಇಲ್ಲಿ ಗುರುತಿಸಲ್ಪಟ್ಟಿವೆ. ಅವುಗಳಲ್ಲಿ ನೌಬಾದಿನದು ಸುಮಾರು 3 ಕಿಲೋಮೀಟರ್ ಉದ್ದ; ಜಮುನಾ ಮೋರಿಯು ಹಳೆಯ ಊರಿನೊಳಗೆ ನೀರನ್ನು ಹಂಚುತ್ತಿದ್ದ ಜಾಲ.

ಸುರಂಗ ಕೆಲಸ ಮಾಡುವ ಬಗೆ

ಸಾಮಾನ್ಯವಾದ ಬಾವಿಯಲ್ಲಿ ನೀರನ್ನು ಮೇಲಕ್ಕೆ ಸೇದಬೇಕು. ಕರೇಜಿನಲ್ಲಿ ನೀರು ತಾನಾಗಿಯೇ ನಡೆದುಬರುತ್ತದೆ. ಎತ್ತರದ ನೆಲದಲ್ಲಿ ಅಂತರ್ಜಲ ಮುಟ್ಟುವಷ್ಟು ಆಳಕ್ಕೆ ತೋಡಿದ ತಾಯಿಬಾವಿ ಒಂದು ತುದಿ. ತಗ್ಗಿನಲ್ಲಿ ಬೆಳಕಿಗೆ ತೆರೆದುಕೊಳ್ಳುವ ಬಾಯಿ ಇನ್ನೊಂದು ತುದಿ. ಇವೆರಡನ್ನು ಕೂಡಿಸುವ ಸುರಂಗಕ್ಕೆ ಅತಿ ಸೂಕ್ಷ್ಮವಾದ ಇಳಿಜಾರು ಇರಬೇಕು. ಇಳಿಜಾರು ಹೆಚ್ಚಾದರೆ ನೀರಿನ ರಭಸಕ್ಕೆ ಗೋಡೆ ಕೊರೆಯುತ್ತದೆ, ಕಡಿಮೆಯಾದರೆ ಹೂಳು ನಿಲ್ಲುತ್ತದೆ.

ಸುರಂಗದ ಉದ್ದಕ್ಕೂ ಅಲ್ಲಲ್ಲಿ ಮೇಲಿನಿಂದ ನೆಟ್ಟಗೆ ಇಳಿಯುವ ಬಾವಿಗಳಿರುತ್ತವೆ. ತೋಡುವ ಕಾಲದಲ್ಲಿ ಮಣ್ಣನ್ನು ಮೇಲೆತ್ತಲು, ಕೆಲಸದವರಿಗೆ ಗಾಳಿ ಬೆಳಕು ಒದಗಿಸಲು, ಮುಂದಿನ ತಲೆಮಾರುಗಳು ಇಳಿದು ಹೂಳು ತೆಗೆಯಲು ಇವು ಬೇಕು. ನೌಬಾದಿನ ಕರೇಜಿನ ಮೇಲೆ ಇಂಥವು ಇಪ್ಪತ್ತಕ್ಕೂ ಹೆಚ್ಚು. ಬಯಲಿನಲ್ಲಿ ನಿಂತು ಒಂದರಿಂದ ಒಂದಕ್ಕೆ ಕಣ್ಣು ಹಾಯಿಸಿದರೆ, ಕೆಳಗೆ ಕಾಣದೆ ಹೋಗುತ್ತಿರುವ ದಾರಿಯು ಮೇಲೆ ಚುಕ್ಕಿಯಿಟ್ಟ ರಂಗೋಲಿಯಂತೆ ಮೂಡಿಬರುತ್ತದೆ.

ಇದರ ಗುಣವೆಂದರೆ, ಭೂಮಿ ಎಷ್ಟು ಕೊಟ್ಟಿತೋ ಅಷ್ಟನ್ನೇ ಇದು ತೆಗೆದುಕೊಳ್ಳುವುದು. ಮಳೆ ತಗ್ಗಿದ ವರ್ಷ ಹರಿವು ಸಣ್ಣದಾಗುವುದು, ಹೆಚ್ಚಿದ ವರ್ಷ ದಪ್ಪವಾಗುವುದು. ಕೊಳವೆಬಾವಿಯಂತೆ ನೂರಾರು ಅಡಿ ಕೆಳಗಿಳಿದು ಕರಿಕಲ್ಲಿನ ಬಿರುಕುಗಳಲ್ಲಿ ಉಳಿದ ಕೊನೆಯ ಹನಿಯನ್ನೂ ಹೀರುವ ಸಾಮರ್ಥ್ಯ ಇದಕ್ಕಿಲ್ಲ. ಆ ಅಸಾಮರ್ಥ್ಯವೇ ಇದನ್ನು ಶತಮಾನಗಳ ಕಾಲ ಬದುಕಿಸಿತು.

ಕನ್ನಡಿಗರಿಗೆ ಈ ಕಲ್ಪನೆ ತೀರ ಪರಕೀಯವೂ ಅಲ್ಲ. ಕಾಸರಗೋಡು ಮತ್ತು ದಕ್ಷಿಣ ಕನ್ನಡಗಳ ಅಡಕೆ ತೋಟಗಳಲ್ಲಿ, ಇದೇ ಜಾತಿಯ ಕೆಂಗಲ್ಲಿನ ಗುಡ್ಡಗಳಿಗೆ ಅಡ್ಡಲಾಗಿ ಸುರಂಗ ಕೊರೆದು ನೀರು ತರುವ ಪದ್ಧತಿ ಇಂದಿಗೂ ಉಂಟು. ಮಧ್ಯಪ್ರದೇಶದ ಬುರ್ಹಾನಪುರದಲ್ಲಿ ಮೊಗಲರ ಕಾಲದ ಕುಂಡಿ ಭಂಡಾರವಿದೆ. ತೋಟದ ಸುರಂಗಕ್ಕೆ ಒಬ್ಬ ಒಡೆಯನಿರುತ್ತಾನೆ. ಬೀದರಿನ ಕರೇಜಿಗೆ ಯಾರು ಒಡೆಯರು ಎಂಬಲ್ಲಿ ತೊಡಕು ಆರಂಭವಾಗುತ್ತದೆ.

ಒಂದು ಸುರಂಗ, ಹಲವು ಒಡೆಯರು

ಕೋಟೆ, ಮದರಸ, ಅಷ್ಟೂರಿನ ಗೋರಿಗಳು ಮೊದಲಾದವು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ವಶದಲ್ಲಿವೆ. ರಾಷ್ಟ್ರೀಯ ಮಹತ್ತ್ವದ ಸ್ಮಾರಕಗಳನ್ನು ಕಾಪಾಡುವುದು ರಾಜ್ಯದ ಕರ್ತವ್ಯವೆಂದು ಸಂವಿಧಾನದ 49ನೆಯ ವಿಧಿ ಹೇಳುತ್ತದೆ. 1958ರ ಕೇಂದ್ರ ಕಾಯಿದೆಯೂ ಅದಕ್ಕೆ 2010ರಲ್ಲಾದ ತಿದ್ದುಪಡಿಯೂ ಇಂಥ ಸ್ಮಾರಕದ ಸುತ್ತಲಿನ 100 ಮೀಟರ್ ಪ್ರದೇಶದಲ್ಲಿ ಹೊಸ ಕಟ್ಟಡವನ್ನು ನಿಷೇಧಿಸಿ, ಅದರಾಚೆಯ 200 ಮೀಟರನ್ನು ನಿಯಂತ್ರಣಕ್ಕೆ ಒಳಪಡಿಸಿವೆ. ರಾಜ್ಯ ಸರ್ಕಾರದ ರಕ್ಷಣೆಗೆ ಒಳಪಟ್ಟ ಸ್ಮಾರಕಗಳಿಗೆ 1961ರ ಕರ್ನಾಟಕದ ಕಾಯಿದೆಯಿದೆ. ಇವೆಲ್ಲವೂ ಗೋಡೆಯುಳ್ಳ, ಬಾಗಿಲುಳ್ಳ, ಸುತ್ತಲೂ ಬೇಲಿ ಹಾಕಬಹುದಾದ ಕಟ್ಟಡವನ್ನು ಮನಸ್ಸಿನಲ್ಲಿಟ್ಟುಕೊಂಡು ರಚಿತವಾದ ಏರ್ಪಾಡುಗಳು.

ಮೂರು ಕಿಲೋಮೀಟರ್ ಉದ್ದದ ಸುರಂಗಕ್ಕೆ ಬೇಲಿ ಹಾಕುವುದೆಂತು? ಅದರ ಮೇಲಿನ ನೆಲ ಒಂದೆಡೆ ರೈತನ ಹೊಲ, ಇನ್ನೊಂದೆಡೆ ಬಡಾವಣೆಯ ನಿವೇಶನ, ಮತ್ತೊಂದೆಡೆ ರಸ್ತೆ. ಪಹಣಿ ಕಂದಾಯ ಇಲಾಖೆಯಲ್ಲಿದೆ, ಬಡಾವಣೆಯ ನಕ್ಷೆ ನಗರಾಭಿವೃದ್ಧಿ ಪ್ರಾಧಿಕಾರದಲ್ಲಿದೆ, ಕಸವೂ ಚರಂಡಿಯೂ ನಗರಾಡಳಿತದ ಹೊಣೆ, ರಸ್ತೆ ಲೋಕೋಪಯೋಗಿಯದು, ಕೊಳವೆಬಾವಿಗೆ ಅನುಮತಿ ಕೊಡುವವರು ಬೇರೆಯವರು. ಇವರಲ್ಲಿ ಯಾರೊಬ್ಬರು ತಿಳಿಯದೆ ಮಾಡಿದ ಒಂದು ಕೆಲಸವೂ ಉಳಿದವರ ಶ್ರಮವನ್ನೆಲ್ಲ ನಿರರ್ಥಕಗೊಳಿಸಬಲ್ಲುದು. ನೆಟ್ಟನೆಯ ಬಾವಿಯನ್ನು ಹಾಳು ಗುಂಡಿಯೆಂದು ಭಾವಿಸಿ ಮುಚ್ಚಿಬಿಟ್ಟರೆ ಹೂಳು ತೆಗೆಯುವ ಬಾಗಿಲೇ ಮುಚ್ಚಿದಂತಾಗುವುದು. ಅದರೊಳಗೆ ಕೊಳಚೆ ಬಿಟ್ಟರೆ ಅದು ನೇರವಾಗಿ ಕುಡಿಯುವ ನೀರನ್ನು ಸೇರುವುದು. ತಾಯಿಬಾವಿಯ ನೆರೆಯಲ್ಲಿ ಕೊಳವೆಬಾವಿ ಕೊರೆದರೆ ಸುರಂಗದ ಮಟ್ಟಕ್ಕಿಂತ ನೀರು ಕೆಳಗಿಳಿದುಹೋಗುವುದು.

ಆದಕಾರಣ, ತಜ್ಞರೂ ಸರ್ಕಾರವೂ ಕೂಡಿ ನಡೆಯಬೇಕೆಂಬುದು ಇಲ್ಲಿ ಸಭೆಗಳಲ್ಲಿ ಆಡುವ ಉಪಚಾರದ ಮಾತಲ್ಲ. ಹಾಗೆ ಕೂಡದ ಹೊರತು ಈ ವಸ್ತುವನ್ನು ಉಳಿಸಲು ಬೇರೆ ದಾರಿಯೇ ಇಲ್ಲ.

ಗುಂಡಿಗಳಲ್ಲಿ ಗೆರೆ ಕಂಡವರು

ಕೊಳಾಯಿಯ ನೀರು ಬಂದಂತೆ ಕರೇಜುಗಳು ಜನಸ್ಮೃತಿಯ ಅಂಚಿಗೆ ಸರಿದವು. ಭಾಲ್ಕಿ ತಾಲ್ಲೂಕಿನ ಕಾರಂಜಾ ಜಲಾಶಯದಿಂದ ಊರಿಗೆ ನೀರು ಹರಿಯುವಾಗ ಕಾಲ ಕೆಳಗಿನ ಸೆಲೆಯನ್ನು ನೆನೆಯುವವರಾರು? ನೌಬಾದಿನ ಬಯಲಿನಲ್ಲಿ ಬಾವಿಗಳಿವೆಯೆಂಬುದನ್ನು ಸುತ್ತಲಿನವರೆಲ್ಲ ಬಲ್ಲರು. ಅವು ಒಂದೇ ಸೂತ್ರದಲ್ಲಿ ಪೋಣಿಸಿದ ಮಣಿಗಳೆಂಬುದನ್ನು ಬಲ್ಲವರು ವಿರಳರಾದರು.

2010ರ ದಶಕದ ಆರಂಭದಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯ ಚಿತ್ತೂರು ಸರ್ಕಾರಿ ಕಾಲೇಜಿನ ಭೂಗೋಳ ಅಧ್ಯಾಪಕರಾದ ವಲ್ಲಿಯಿಲ್ ಗೋವಿಂದನ್‌ಕುಟ್ಟಿ ಅವರು ಈ ಜಾಲವನ್ನು ಶಾಸ್ತ್ರೀಯವಾಗಿ ಅಳೆದು ನಕ್ಷೆಗಿಳಿಸುವ ಕಾರ್ಯದಲ್ಲಿ ತೊಡಗಿದರು. ಯುನೆಸ್ಕೋದ ಬೆಂಬಲದಿಂದ 2006ರಲ್ಲಿ ಹುಟ್ಟಿದ ಭಾರತೀಯ ಪಾರಂಪರಿಕ ನಗರಗಳ ಜಾಲವೂ, ಬೀದರಿನ ತರುಣರ ‘ಟೀಮ್ ಯುವಾ’ ಎಂಬ ಬಳಗವೂ ಈ ಕೆಲಸದಲ್ಲಿ ಜತೆಗೂಡಿದವು. ಉಪಗ್ರಹದ ಚಿತ್ರಗಳನ್ನೂ ನೆಲದ ಏರುತಗ್ಗುಗಳನ್ನೂ ಬಾವಿಗಳ ಸ್ಥಾನವನ್ನೂ ಒಂದರ ಮೇಲೊಂದು ಇಟ್ಟು ನೋಡಿದಾಗ, ಬಿಡಿಬಿಡಿಯಾದ ಗುಂಡಿಗಳು ಒಂದು ಗೆರೆಯಾದವು. ಆ ಗೆರೆಯೇ ಈ ಕಥೆಯ ತಿರುವು. ಏಕೆಂದರೆ ಸರ್ಕಾರವು ಪ್ರೀತಿಯಿಂದಲೋ ಕನಿಕರದಿಂದಲೋ ಒಂದು ವಸ್ತುವನ್ನು ಕಾಪಾಡಲಾರದು, ನಕ್ಷೆಯಿದ್ದರೆ ಕಾಪಾಡಬಲ್ಲುದು.

ನಕ್ಷೆ ಕೈಗೆ ಬಂದ ಮೇಲೆ ಜಿಲ್ಲಾಡಳಿತವು ಹೂಳು ತೆಗೆಯುವ ಕೆಲಸವನ್ನು ಕೈಗೊಂಡಿತು. ಆಗ ಜಿಲ್ಲಾಧಿಕಾರಿಯಾಗಿದ್ದ, 2017ರಲ್ಲಿ ಅಕಾಲಮರಣಕ್ಕೆ ತುತ್ತಾದ ಅನುರಾಗ್ ತಿವಾರಿ ಅವರು ಕರೇಜಿನ ಪುನರುಜ್ಜೀವನಕ್ಕೂ, ಬರಗಾಲದ ಆ ದಿನಗಳಲ್ಲಿ ಜಿಲ್ಲೆಯ ತೆರೆದ ಬಾವಿ ಕೆರೆಗಳ ಹೂಳೆತ್ತುವಿಕೆಗೂ ತೋರಿದ ಆಸ್ಥೆಯನ್ನು ಬೀದರಿನ ಜನ ಕೃತಜ್ಞತೆಯಿಂದ ಸ್ಮರಿಸುತ್ತಾರೆ. ಮೇಲೆ ಎಣಿಸಿದ ಇಲಾಖೆಗಳನ್ನೆಲ್ಲ ಒಂದೇ ಮೇಜಿನ ಸುತ್ತ ಕೂರಿಸಬಲ್ಲ ಅಧಿಕಾರ ಜಿಲ್ಲೆಯಲ್ಲಿ ಇರುವುದು ಒಂದೇ ಕುರ್ಚಿಗೆ. ಆ ಕುರ್ಚಿಯಲ್ಲಿ ಕುಳಿತವರು ಒಬ್ಬ ಭೂಗೋಳದ ಅಧ್ಯಾಪಕರ ಮಾತಿಗೆ ಕಿವಿಗೊಟ್ಟರೆಂಬುದು ಸಣ್ಣ ವಿಷಯವಲ್ಲ.

ಹೊರಜಗತ್ತಿನ ಲಕ್ಷ್ಯವೂ ಈ ಕಡೆ ಹರಿದಿತ್ತು. ವಿಶ್ವ ಸ್ಮಾರಕ ನಿಧಿಯು, ಎಚ್ಚರಿಕೆಯಿಂದ ಕಾಯಬೇಕಾದ ತಾಣಗಳ ತನ್ನ 2014ರ ಪಟ್ಟಿಯಲ್ಲಿ ಬೀದರ ಐತಿಹಾಸಿಕ ನಗರವನ್ನೂ, 2020ರ ಪಟ್ಟಿಯಲ್ಲಿ ದಖನ್ ಪ್ರಸ್ಥಭೂಮಿಯ ಸಾಂಪ್ರದಾಯಿಕ ಜಲವ್ಯವಸ್ಥೆಗಳನ್ನೂ ಸೇರಿಸಿತು. ಕಲಬುರಗಿ, ಬೀದರ, ವಿಜಯಪುರ, ಹೈದರಾಬಾದುಗಳ ದಖನ್ ಸುಲ್ತಾನರ ಸ್ಮಾರಕಗಳು 2014ರಿಂದ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲಿವೆ.

ಸದುದ್ದೇಶವೂ ತಪ್ಪುವುದುಂಟು

ಸರ್ಕಾರವೂ ತಜ್ಞರೂ ಕೂಡಿ ದುಡಿಯುವುದು ಈ ನಾಡಿಗೆ ಹೊಸತಲ್ಲ. ಬೀದರ ನಿಜಾಮರ ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ, 1914ರಲ್ಲಿ, ಹೈದರಾಬಾದಿನಲ್ಲಿ ಪುರಾತತ್ತ್ವ ಇಲಾಖೆ ಸ್ಥಾಪಿತವಾಗಿ ಗುಲಾಂ ಯಜ್ದಾನಿಯವರು ಅದರ ನಿರ್ದೇಶಕರಾದರು. ಕೋಟೆಯೊಳಗೆ ಕುಸಿದ ಅರಮನೆಗಳ ಮೇಲೆ ರಾಶಿಬಿದ್ದಿದ್ದ ಮಣ್ಣು ಕಲ್ಲನ್ನು ತೆಗೆಸಿ, ಕಟ್ಟಡ ಕಟ್ಟಡವನ್ನು ಅಳೆಯಿಸಿ, ಶಾಸನಗಳನ್ನು ಓದಿ, ಅವರು ಬೀದರಿನ ಇತಿಹಾಸ ಮತ್ತು ಸ್ಮಾರಕಗಳನ್ನು ಕುರಿತು 1947ರಲ್ಲಿ ಪ್ರಕಟಿಸಿದ ಬೃಹದ್ಗ್ರಂಥವು ಇಂದಿಗೂ ಈ ವಿಷಯದಲ್ಲಿ ಕೈಗೆತ್ತಿಕೊಳ್ಳಬೇಕಾದ ಮೊದಲ ಪುಸ್ತಕ. ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ರಂಗೀನ್ ಮಹಲಿನ ಸೊಬಗು ಇಂದು ನಮ್ಮ ಕಣ್ಣಿಗೆ ದಕ್ಕಿರುವುದರಲ್ಲಿ ಆ ಇಲಾಖೆಯ ಪಾಲು ದೊಡ್ಡದು.

ಆದರೆ ಅದೇ ಇಲಾಖೆಯ ಮತ್ತೊಂದು ಅನುಭವವನ್ನೂ ಮರೆಯಲಾಗದು. ಸಂಸ್ಥಾನಕ್ಕೇ ಸೇರಿದ್ದ ಅಜಂತೆಯ ಚಿತ್ರಗಳು ಗೋಡೆಯಿಂದ ಉದುರುತ್ತಿದ್ದುದನ್ನು ಕಂಡು, ನಿಜಾಮರ ಸರ್ಕಾರವು 1920ರಲ್ಲಿ ಇಟಲಿಯಿಂದ ಚೆಕೋನಿ ಮತ್ತು ಓರ್ಸಿನಿ ಎಂಬ ತಜ್ಞರನ್ನು ಕರೆಸಿತು. ಅವರು ಸಡಿಲಗೊಂಡ ಗಾರೆಯನ್ನು ಮತ್ತೆ ಗೋಡೆಗೆ ಹೊಂದಿಸಿ ಅನೇಕ ಚಿತ್ರಗಳನ್ನು ಉಳಿಸಿದರು. ಜತೆಗೆ ಅವುಗಳ ಮೇಲೆ ಅರಗಿನ ಮೆರುಗೆಣ್ಣೆಯನ್ನೂ ಬಳಿದರು. ಕಾಲಕ್ರಮದಲ್ಲಿ ಆ ಲೇಪ ಹಳದಿಗೆ ತಿರುಗಿ, ಕಂದಾಗಿ, ಬಣ್ಣಗಳನ್ನೇ ಮರೆಮಾಡಿತು. ಅದನ್ನು ಚಿತ್ರಕ್ಕೆ ನೋವಾಗದಂತೆ ತೆಗೆಯುವುದು ಮುಂದಿನ ರಸಾಯನಶಾಸ್ತ್ರಜ್ಞರಿಗೆ ದಶಕಗಳ ಕೆಲಸವಾಯಿತು.

ಮಾಡಿದ್ದನ್ನು ಹಿಂದೆಗೆದುಕೊಳ್ಳಲು ಅವಕಾಶವಿರಬೇಕು, ಮೂಲದ ಸಾಮಗ್ರಿಗೆ ಒಗ್ಗುವುದನ್ನೇ ಬಳಸಬೇಕು, ಮಾಡಿದುದನ್ನೆಲ್ಲ ಬರೆದಿಡಬೇಕು ಎಂಬ ವಿವೇಕವು ಇಂಥ ಅನುಭವಗಳಿಂದಲೇ ಬಂದುದು. 1964ರ ವೆನಿಸ್ ಸನ್ನದಿನ ಹಿಂದೆಯೂ, ಮರುವರ್ಷವೇ ಸ್ಥಾಪಿತವಾದ ಸ್ಮಾರಕ ತಜ್ಞರ ಅಂತರರಾಷ್ಟ್ರೀಯ ಮಂಡಲಿಯ ಹಿಂದೆಯೂ ಇಂಥ ಎಚ್ಚರವೇ ಇದೆ. ನಮ್ಮ ಊರುಗಳಲ್ಲಿ ಇದರ ಅತಿ ಪರಿಚಿತವಾದ ನಿದರ್ಶನ ಸಿಮೆಂಟು. ಹಳೆಯ ಕಟ್ಟಡದ ಸುಣ್ಣದ ಗಾರೆ ಉಸಿರಾಡುವಂಥದು. ಗೋಡೆ ಹೀರಿದ ತೇವವನ್ನು ಅದು ಹೊರಬಿಡುತ್ತದೆ. ಅದರ ಮೇಲೆ ಸಿಮೆಂಟು ಮೆತ್ತಿದರೆ ತೇವ ಒಳಗೇ ಸಿಕ್ಕಿಬಿದ್ದು, ಲವಣಗಳು ಹೆಪ್ಪುಗಟ್ಟಿ, ಕಲ್ಲು ಪುಡಿಯಾಗುತ್ತದೆ. ಶ್ರದ್ಧೆಯಿಂದ ಊರ ಗುಡಿಗೆ ಸಿಮೆಂಟು ಬಳಿದು ಬಣ್ಣ ಹಚ್ಚುವ ಹಿರಿಯರಿಗೆ ಇದನ್ನು ತಿಳಿಹೇಳುವವರು ಬೇಕು. ತಿಳಿಹೇಳುವುದರಲ್ಲಿ ಗೌರವವೂ ಬೇಕು.

ಹಂಪಿಯ ಪಾಠ ಬೇರೊಂದು ಬಗೆಯದು. 1986ರಲ್ಲಿ ವಿಶ್ವಪರಂಪರೆಯ ತಾಣವಾದ ಹಂಪಿಯು, ತುಂಗಭದ್ರೆಗೆ ಸೇತುವೆ ಕಟ್ಟುವ ಕಾಮಗಾರಿಯ ಕಾರಣದಿಂದ 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿತು. ಸೇತುವೆ ಬೇಕಾಗಿದ್ದ ಗ್ರಾಮಸ್ಥರೂ ತಪ್ಪಿತಸ್ಥರಲ್ಲ, ತಾಣದ ನೋಟ ಕೆಡಬಾರದೆಂದ ತಜ್ಞರೂ ತಪ್ಪಿತಸ್ಥರಲ್ಲ. ಕೆಲಸಕ್ಕೆ ಕೈಹಾಕುವ ಮುನ್ನ ಇಬ್ಬರೂ ಕೂತು ಮಾತಾಡುವ ಒಂದು ವೇದಿಕೆ ಇರಲಿಲ್ಲ. 2002ರಲ್ಲಿ ಅದಕ್ಕಾಗಿಯೇ ಒಂದು ಕಾಯಿದೆ ಬಂದು ಪ್ರಾಧಿಕಾರ ರೂಪುಗೊಂಡಿತು. 2006ರಲ್ಲಿ ಹಂಪಿ ಆ ಪಟ್ಟಿಯಿಂದ ಹೊರಬಂದಿತು. ಕಟ್ಟುತ್ತಲೇ ಇದ್ದ ಆನೆಗೊಂದಿಯ ಸೇತುವೆ 2009ರಲ್ಲಿ ಕುಸಿದು ಕೂಲಿಯಾಳುಗಳು ಪ್ರಾಣ ಕಳೆದುಕೊಂಡುದು ಆ ಅಧ್ಯಾಯದ ಅತ್ಯಂತ ದುಃಖಕರವಾದ ಪುಟ.

ಊರಿನವರ ಪಾಲು

ತಜ್ಞರು ಬಂದು ಹೋಗುವವರು, ಅಧಿಕಾರಿಗಳಿಗೆ ವರ್ಗಾವಣೆಯುಂಟು. ಒಬ್ಬ ಉತ್ಸಾಹಿ ಜಿಲ್ಲಾಧಿಕಾರಿ ಇದ್ದಾಗ ವೇಗ ಪಡೆದ ಕೆಲಸ ಅವರು ಹೋದ ಬಳಿಕ ಕಡತದಲ್ಲಿ ಮಲಗುವುದು ನಮ್ಮ ಆಡಳಿತದ ಹಳೆಯ ವ್ಯಾಧಿ. ಕರೇಜಿನ ಮಟ್ಟಿಗೆ ಈ ವ್ಯಾಧಿ ಮಾರಕವಾದುದು, ಏಕೆಂದರೆ ಅದು ಒಮ್ಮೆ ಶುಚಿಗೊಳಿಸಿದರೆ ಮುಗಿಯುವ ವಸ್ತುವಲ್ಲ. ಪ್ರತಿ ಮಳೆಗಾಲವೂ ಅದಕ್ಕೆ ಹೂಳು ತರುತ್ತದೆ. ಕನಾತ್‌ಗಳನ್ನು ಕಾಯುವುದನ್ನೇ ಕಸುಬಾಗಿಸಿಕೊಂಡ ಕುಲಗಳು ಇರಾನಿನಲ್ಲಿದ್ದವು. ನೌಬಾದಿನ ಸುರಂಗಕ್ಕೆ ಅಂಥ ಕಾವಲುಗಾರರು ಈಗ ಯಾರು? ನನ್ನ ಅಭಿಪ್ರಾಯದಲ್ಲಿ ಬೀದರಿನ ಮುಂದಿರುವ ಮುಖ್ಯ ಪ್ರಶ್ನೆ ಹಣದ್ದಲ್ಲ, ಇದು.

ಊರಿನವರು ಕೈಜೋಡಿಸಿದರೆ ಏನಾಗಬಲ್ಲುದೆಂಬುದಕ್ಕೆ ಕರ್ನಾಟಕದಲ್ಲಿಯೇ ನಿದರ್ಶನವಿದೆ. ಧರ್ಮಸ್ಥಳದ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟು 1991ರಿಂದ ಜೀರ್ಣ ದೇವಾಲಯಗಳ ಉದ್ಧಾರಕ್ಕೆ ಒಂದು ಪದ್ಧತಿಯನ್ನು ರೂಢಿಸಿದೆ: ವೆಚ್ಚದಲ್ಲಿ ಸರ್ಕಾರದ್ದೊಂದು ಪಾಲು, ಟ್ರಸ್ಟಿನದೊಂದು ಪಾಲು, ಗ್ರಾಮಸ್ಥರದೊಂದು ಪಾಲು. ಗ್ರಾಮಸ್ಥರ ಪಾಲು ಚಿಕ್ಕದಾದರೂ, ತಾನು ಕೈಯಿಂದ ಕೊಟ್ಟ ಹಣದ ಗೋಡೆಗೆ ಯಾರೂ ಮೊಳೆ ಹೊಡೆಯಬಿಡರು.

ಬೀದರ ಸೀಮೆಗೆ ಇಂಥ ಕೂಡುಬಾಳು ಹೊಸತಾಗಿ ಕಲಿಯಬೇಕಾದುದೂ ಅಲ್ಲ. ಅಷ್ಟೂರಿನಲ್ಲಿ ಅಹಮದ್ ಶಾಹ ವಲಿಯ ಗೋರಿಯ ಉರುಸಿಗೆ ಕಲಬುರಗಿ ಸೀಮೆಯ ಮಾಡಿಯಾಳದಿಂದ ಲಿಂಗಾಯತ ಜಂಗಮರು ಕಾಲ್ನಡಿಗೆಯಲ್ಲಿ ಬರುತ್ತಾರೆ. ಸುಲ್ತಾನನನ್ನು ಅಲ್ಲಮಪ್ರಭುವೆಂದೇ ಭಾವಿಸಿ ನಮಿಸುವ ಭಕ್ತರಿದ್ದಾರೆ. ಕಲ್ಲನ್ನು ಕಾಯುವುದು ಇಲಾಖೆಯ ಕೆಲಸವಾಗಿರಬಹುದು. ಆ ಕಲ್ಲಿಗೆ ಜನ ಬರುವಂತೆ ಕಾದುಕೊಂಡು ಬಂದುದು ಈ ನಡಿಗೆ.

ಪಟ್ಟಿಯ ಹೊರಗಿನ ಊರುಗಳು

ಕರೇಜಿಗಾದರೂ ನಕ್ಷೆಯಾಯಿತು. ಭಾಲ್ಕಿ, ಔರಾದ ತಾಲ್ಲೂಕುಗಳ ಊರೂರಿನಲ್ಲಿ, ಎಕಂಬಾದಂಥ ಗಡಿಯಂಚಿನ ಹಳ್ಳಿಗಳಲ್ಲಿ, ಯಾವ ಕಾಯಿದೆಯ ಪಟ್ಟಿಗೂ ಸೇರದ ವಸ್ತುಗಳೆಷ್ಟೋ ಇರುತ್ತವೆ: ಹನುಮಂತನ ಗುಡಿಯ ಕಟ್ಟೆಗೆ ಒರಗಿಸಿಟ್ಟ ವೀರಗಲ್ಲು, ದನ ನೀರು ಕುಡಿಯುವ ದೋಣಿಯಾಗಿ ಬಳಕೆಯಾಗುವ ಕೆತ್ತನೆಯ ಕಲ್ಲು, ಹೂಳು ತುಂಬಿದ ಮೆಟ್ಟಿಲ ಬಾವಿ, ಹಳೆಯ ವಾಡೆಯ ಮರದ ಬಾಗಿಲು. ಇವುಗಳಿಗೆ ಪರಿಣತರ ತಂಡ ಬರುವ ತನಕ ಕಾಯಬೇಕಾದುದಿಲ್ಲ. ಗ್ರಾಮ ಪಂಚಾಯಿತಿಯು ಒಂದು ವಹಿ ತೆರೆದು, ವಸ್ತು ಯಾವುದು, ಎಲ್ಲಿದೆ, ಯಾವ ಸರ್ವೆ ನಂಬರಿನ ನೆಲದಲ್ಲಿದೆ, ಹಿರಿಯರು ಅದನ್ನು ಏನೆಂದು ಕರೆಯುತ್ತಾರೆ ಎಂಬುದನ್ನು ಬರೆಯಿಸಿ, ಒಂದು ಛಾಯಾಚಿತ್ರ ಅಂಟಿಸಿ, ಅದರ ಪ್ರತಿಯನ್ನು ತಹಸೀಲ್ದಾರರ ಕಚೇರಿಗೂ ರಾಜ್ಯದ ಪುರಾತತ್ತ್ವ ಇಲಾಖೆಗೂ ಕಳುಹಿಸಬಹುದು. ಊರಿನ ಶಾಲೆಯ ಮೇಲಿನ ತರಗತಿಯ ಮಕ್ಕಳೂ ಅವರ ಮಾಸ್ತರರೂ ಒಂದು ಬೇಸಗೆ ರಜೆಯಲ್ಲಿ ಮಾಡಿ ಮುಗಿಸಬಹುದಾದ ಕೆಲಸವಿದು.

ಬೀದರಿಗೆ ಹೋದವರು ಕೋಟೆ ನೋಡಿದ ಬಳಿಕ ಒಂದು ತಾಸು ಉಳಿಸಿಕೊಂಡು, ನೌಬಾದಿನ ಸಿದ್ಧೇಶ್ವರ ಗುಡಿಯ ಸಮೀಪದಲ್ಲಿ ಸುರಂಗ ಬಾಯ್ದೆರೆಯುವ ತಗ್ಗಿಗೆ ಇಳಿದು ನೋಡಬೇಕು. ಕೆಂಗಲ್ಲಿನ ಗೋಡೆಗಳಲ್ಲಿ ಐದು ಶತಮಾನಗಳ ಹಿಂದೆ ಕಲ್ಲು ಕಡಿದವರ ಉಳಿಯ ಗುರುತುಗಳು ಕೈಗೆ ತಾಕುತ್ತವೆ; ಒಳಗಿನ ಕತ್ತಲೆಯಿಂದ ತಣ್ಣನೆಯ ಗಾಳಿ ಮುಖಕ್ಕೆ ಬಡಿಯುತ್ತದೆ.